ನಿಮ್ಮ ರೆಪ್ಪೆಗೂದಲಿಗೆ ಯಾವ ಮಸ್ಕರಾ? ಮೊದಲು ನೀರೋ ಎಣ್ಣೆಯೋ ನೋಡಿಕೊಳ್ಳಿ

ಬೆಳಗ್ಗೆ ಕನ್ನಡಿ ಮುಂದೆ ನಿಂತು ಮಸ್ಕರಾ ಹಚ್ಚಿಕೊಂಡಾಗ ಕಣ್ಣು ತುಂಬಾ ಚೆನ್ನಾಗಿ ಕಾಣುತ್ತದೆ. ಮಧ್ಯಾಹ್ನ ಕೈ ತೊಳೆಯಲು ಹೋಗಿ ಕನ್ನಡಿ ನೋಡಿದರೆ ಕಣ್ಣ ಕೆಳಗೆ ಅರ್ಧಚಂದ್ರದಂತೆ ಕಪ್ಪು. ನನಗೆ ಹಲವು ವರ್ಷ ಹೀಗೇ ಆಗುತ್ತಿತ್ತು. ಬೆವರಿಗೆ ಹರಡುತ್ತಿದೆ ಅಂದುಕೊಂಡು ವಾಟರ್‌ಪ್ರೂಫ್ ತಂದೆ. ಆಗಲೂ ಅದೇ ಕಥೆ. ಇನ್ನೂ ದುಬಾರಿಯದು ತಂದೆ. ಅದೂ ಅಷ್ಟೇ. ನನ್ನ ತಂಗಿಯೂ ಅದೇ ಮಸ್ಕರಾ ಕೊಂಡಿದ್ದಳು. ಅವಳಿಗೆ ರಾತ್ರಿವರೆಗೂ ಒಂದು ಚುಕ್ಕೆಯಷ್ಟೂ ಹರಡುತ್ತಿರಲಿಲ್ಲ.

ಕಾರಣ ಗೊತ್ತಾದಾಗ ಇಷ್ಟೇನಾ ಅನ್ನಿಸಿತು. ವಾಟರ್‌ಪ್ರೂಫ್ ಮಸ್ಕರಾ ನೀರನ್ನು ತಡೆಯುತ್ತದೆ, ಎಣ್ಣೆಯನ್ನು ತಡೆಯುವುದಿಲ್ಲ. ನನ್ನ ರೆಪ್ಪೆಗಳು ಜಿಡ್ಡಿನವು. ನೀರಿನ ರಕ್ಷಣೆಯನ್ನೇ ಹೆಚ್ಚಿಸುತ್ತಾ ಹೋದರೆ ಎಣ್ಣೆ ತನ್ನ ಕೆಲಸ ಬಿಡುತ್ತದೆಯೇ?

ಮಸ್ಕರಾ ಆರಿಸುವಾಗ ನಾವು ಹೆಚ್ಚಾಗಿ ನೋಡುವುದು ಡಬ್ಬಿ ಮೇಲಿನ ಮಾತನ್ನು. ದಟ್ಟ ಮಾಡುತ್ತದಂತೆ, ಉದ್ದ ಮಾಡುತ್ತದಂತೆ, 24 ಗಂಟೆ ಇರುತ್ತದಂತೆ. ಅದಕ್ಕಿಂತ ಮೊದಲು ನೋಡಬೇಕಾದ್ದು ನಮ್ಮದೇ ಕೂದಲು, ನಮ್ಮದೇ ರೆಪ್ಪೆಯ ಚರ್ಮ. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

## ರೆಪ್ಪೆಗೂದಲು ಎಂದರೆ ಏನು?

ಕನ್ನಡದಲ್ಲಿ ರೆಪ್ಪೆ ಎಂಬ ಒಂದೇ ಮಾತು ಎರಡಕ್ಕೂ ನಡೆಯುತ್ತದೆ. ಕಣ್ಣು ಮುಚ್ಚುವ ಚರ್ಮವೂ ರೆಪ್ಪೆ, ಅದರ ಅಂಚಿನ ಕೂದಲೂ ರೆಪ್ಪೆ. ಕೂದಲಿಗೆ ಎವೆ ಎಂಬ ಹಳೆಯ ಹೆಸರೂ ಇದೆ. 'ಎವೆಯಿಕ್ಕದೆ ನೋಡಿದ' ಅನ್ನುವುದಿಲ್ಲವೇ, ಅದೇ ಎವೆ. ಗೊಂದಲ ಬೇಡ ಎಂದು ಇಲ್ಲಿ ಚರ್ಮಕ್ಕೆ ರೆಪ್ಪೆ, ಕೂದಲಿಗೆ ರೆಪ್ಪೆಗೂದಲು ಎಂದೇ ಬರೆಯುತ್ತೇನೆ.

ಮೇಲಿನ ರೆಪ್ಪೆಯಲ್ಲಿ ಸುಮಾರು 90ರಿಂದ 160 ಕೂದಲು ಇರುತ್ತವೆ. ಕೆಳಗಿನದರಲ್ಲಿ ಸುಮಾರು 75ರಿಂದ 80. ಮೇಲಿನವು ಸಾಮಾನ್ಯವಾಗಿ 8ರಿಂದ 12 ಮಿಲಿಮೀಟರ್ ಉದ್ದ, ಕೆಳಗಿನವು 6ರಿಂದ 8. ಒಂದೇ ಸಾಲಿನಲ್ಲಿ ನಿಂತಂತೆ ಕಂಡರೂ ಹಿಂದೆ ಮುಂದೆ ಹಲವು ಸಾಲುಗಳಲ್ಲಿ ಹುಟ್ಟಿರುತ್ತವೆ. ಮಸ್ಕರಾ ಹಚ್ಚುವಾಗ ಎರಡು ಮೂರು ಕೂದಲು ಒಟ್ಟಿಗೆ ಅಂಟಿಕೊಳ್ಳುವುದು ಇದಕ್ಕೇ. ಹಿಂದಿನ ಸಾಲಿನದು ಮುಂದಿನ ಸಾಲಿನದಕ್ಕೆ ಮೆತ್ತಿಕೊಳ್ಳುತ್ತದೆ.

ಇವು ಅಲಂಕಾರಕ್ಕೆಂದು ಹುಟ್ಟಿದವಲ್ಲ. ಅಮೆರಿಕದ ಜಾರ್ಜಿಯಾ ಟೆಕ್ ಸಂಶೋಧಕರು 2015ರಲ್ಲಿ 22 ಬಗೆಯ ಸಸ್ತನಿಗಳ ರೆಪ್ಪೆಗೂದಲನ್ನು ಅಳೆದು ನೋಡಿದರು. ಹೆಚ್ಚುಕಡಿಮೆ ಎಲ್ಲದರಲ್ಲೂ ಕೂದಲಿನ ಉದ್ದ ಕಣ್ಣಿನ ಅಗಲದ ಮೂರನೇ ಒಂದು ಪಾಲಿನಷ್ಟಿತ್ತು. ಅಷ್ಟು ಉದ್ದವಿದ್ದರೆ ಗಾಳಿ ನೇರವಾಗಿ ಕಣ್ಣಿಗೆ ಬಡಿಯುವುದು ಕಡಿಮೆಯಾಗುತ್ತದೆ. ಕಣ್ಣು ಬೇಗ ಒಣಗುವುದಿಲ್ಲ, ಧೂಳೂ ಕಡಿಮೆ ಸೇರುತ್ತದೆ.

ಕೂದಲಿನ ಬುಡದ ಪಕ್ಕದಲ್ಲೇ ಎಣ್ಣೆ ಒಸರುವ ಪುಟ್ಟ ಗ್ರಂಥಿಗಳಿವೆ. ಮೈಬೋಮಿಯನ್ ಗ್ರಂಥಿ ಎಂದು ಅವುಗಳ ಹೆಸರು. ಮೇಲಿನ ರೆಪ್ಪೆ ಒಂದರಲ್ಲೇ 25ರಿಂದ 40. ಪ್ರತಿ ಸಲ ಕಣ್ಣು ಮಿಟುಕಿಸಿದಾಗ ಚೂರು ಎಣ್ಣೆ ಕಣ್ಣೀರಿನ ಮೇಲೆ ಹರಡಿ, ಅದು ಆವಿಯಾಗದಂತೆ ಕಾಯುತ್ತದೆ. ಅಂದರೆ ರೆಪ್ಪೆಯಂಚಿನಲ್ಲಿ ಎಣ್ಣೆ ಇರಲೇಬೇಕು. ಕೆಲವರಿಗೆ ಕಡಿಮೆ, ಕೆಲವರಿಗೆ ಜಾಸ್ತಿ. ರೆಪ್ಪೆಯ ಮೇಲಿನ ಚರ್ಮದ ಜಿಡ್ಡು, ನಾವು ಹಚ್ಚುವ ಕ್ರೀಮ್, ಇವೆಲ್ಲ ಅದರ ಜೊತೆ ಸೇರುತ್ತವೆ. ಮಸ್ಕರಾ ಬಾಳುವುದು ಇಂಥ ಜಾಗದಲ್ಲಿ.

ಇನ್ನೊಂದು ಮಾತು. ರೆಪ್ಪೆಗೂದಲಿನ ತುದಿ ಬುಡಕ್ಕಿಂತ ತೆಳು, ಬಣ್ಣವೂ ಸ್ವಲ್ಪ ಮಾಸಲು. ಕಿಟಕಿ ಬೆಳಕಿನಲ್ಲಿ ಕನ್ನಡಿಯನ್ನು ಎದೆಯ ಎತ್ತರಕ್ಕೆ ಹಿಡಿದು, ಕಣ್ಣು ಕೆಳಗೆ ಮಾಡಿ ನೋಡಿ. ದಿನಾ ಕಾಣುವುದಕ್ಕಿಂತ ನಿಮ್ಮ ಕೂದಲು ಉದ್ದವಾಗಿಯೇ ಕಾಣುತ್ತದೆ. ಮಸ್ಕರಾ ಹಚ್ಚಿದ ಕೂಡಲೇ ಉದ್ದವಾದಂತೆ ಅನ್ನಿಸುವುದಕ್ಕೆ ಒಂದು ದೊಡ್ಡ ಕಾರಣ ಇದೇ. ಕಾಣದೆ ಇದ್ದ ತುದಿಗೆ ಬಣ್ಣ ಬಂತು, ಅಷ್ಟೇ.

## ಟ್ಯೂಬಿನೊಳಗೆ ಏನಿರುತ್ತದೆ?

ಹೆಸರು ನೂರಿದ್ದರೂ ಒಳಗಿರುವುದು ಮುಖ್ಯವಾಗಿ ಐದು ಸಾಮಾನು. ಬಣ್ಣ, ಮೇಣ, ಪದರ ಕಟ್ಟುವ ಪಾಲಿಮರ್, ಇವನ್ನೆಲ್ಲ ಕಲಸಿಡುವ ದ್ರವ, ಕೆಡದಂತೆ ಕಾಯುವ ಸಂರಕ್ಷಕ.

ಕಪ್ಪು ಬಣ್ಣ ಹೆಚ್ಚಾಗಿ ಐರನ್ ಆಕ್ಸೈಡ್‌ನಿಂದ ಬರುತ್ತದೆ. ಕಬ್ಬಿಣದ ತುಕ್ಕಿನ ಹತ್ತಿರದ ಬಂಧು ಅದು. ಮೇಣ ಎಂದರೆ ಜೇನುಮೇಣ, ಪ್ಯಾರಾಫಿನ್, ಇಲ್ಲವೇ ಕಾರ್ನೂಬಾ. ಕಾರ್ನೂಬಾ ಬ್ರೆಜಿಲ್‌ನ ಒಂದು ತಾಳೆ ಜಾತಿಯ ಮರದ ಎಲೆಯಿಂದ ತೆಗೆಯುವ ಗಟ್ಟಿ ಮೇಣ. ಕೂದಲಿಗೆ ದಪ್ಪ ಕೊಡುವುದು ಮೇಣವೇ. ದಾರವನ್ನು ಕರಗಿದ ಮೇಣದಲ್ಲಿ ಮತ್ತೆ ಮತ್ತೆ ಅದ್ದಿ ತೆಗೆದರೆ ಮೇಣದಬತ್ತಿ ದಪ್ಪವಾಗುತ್ತದಲ್ಲ, ಇಲ್ಲೂ ಹಾಗೇ. ಪಾಲಿಮರ್ ಒಣಗಿದಾಗ ತೆಳು ಪದರವಾಗಿ ಕೂದಲನ್ನು ಸುತ್ತಿಕೊಳ್ಳುತ್ತದೆ. ಬಣ್ಣ ಉದುರದೆ ನಿಲ್ಲುವುದು, ಕೂದಲು ಬಾಗಿದ ಹಾಗೇ ಉಳಿಯುವುದು ಅದರಿಂದ.

ಮೊದಲು ಇದು ಟ್ಯೂಬಿನಲ್ಲಿ ಬರುತ್ತಿರಲಿಲ್ಲ. ಸೋಪಿನ ಬಿಲ್ಲೆಯಂಥ ಗಟ್ಟಿ ಬಣ್ಣವನ್ನು ಒದ್ದೆ ಬ್ರಷ್‌ನಿಂದ ಉಜ್ಜಿ ಹಚ್ಚುತ್ತಿದ್ದರು. ಟ್ಯೂಬಿನೊಳಗೇ ಕಡ್ಡಿ ಇರುವ ಈಗಿನ ರೂಪ ಚಾಲ್ತಿಗೆ ಬಂದದ್ದು 1950ರ ದಶಕದ ಕೊನೆಯಲ್ಲಿ, ಹೆಲೆನಾ ರೂಬಿನ್‌ಸ್ಟೈನ್ ಕಂಪನಿಯ ಮಸ್ಕರಾ-ಮ್ಯಾಟಿಕ್‌ನಿಂದ. ಅದರ ಕಡ್ಡಿಗೆ ಬಿರುಗೂದಲೇ ಇರಲಿಲ್ಲ. ಗೀರು ಕೊರೆದ ಲೋಹದ ಕಡ್ಡಿ ಅದು.

ಈ ಐದರಲ್ಲಿ ನಮಗೆ ಎಲ್ಲಕ್ಕಿಂತ ಮುಖ್ಯವಾದದ್ದು ದ್ರವ. ಅದರ ಮೇಲೆಯೇ ಮಸ್ಕರಾಗಳು ಬೇರೆ ಬೇರೆ ಜಾತಿಯಾಗುತ್ತವೆ.

## ನೀರೋ, ಎಣ್ಣೆಯೋ?

ಅಂಗಡಿಯ ಕಪಾಟಿನಲ್ಲಿ ನೂರು ಬಗೆ ಕಂಡರೂ ಜಾತಿ ಮುಖ್ಯವಾಗಿ ಮೂರು.

ವಾಷಬಲ್. ಡಬ್ಬಿ ಮೇಲೆ ಏನೂ ಬರೆಯದಿದ್ದರೆ ಸಾಮಾನ್ಯವಾಗಿ ಇದೇ. ಇದರಲ್ಲಿ ನೀರು ಇರುತ್ತದೆ. ಮೇಣ ನೀರಿನ ಜೊತೆ ಬೆರೆಯುವುದಿಲ್ಲವಲ್ಲ, ಅದಕ್ಕೆ ಎರಡನ್ನೂ ಸೇರಿಸಿ ಹಿಡಿಯಲು ಸೋಪಿನಂಥ ಒಂದು ಪದಾರ್ಥ ಹಾಕಿರುತ್ತಾರೆ. ಹಚ್ಚಿದ ಮೇಲೆ ನೀರು ಆರಿ ಹೋಗುತ್ತದೆ, ಸೋಪಿನಂಥದ್ದು ಅಲ್ಲೇ ಉಳಿಯುತ್ತದೆ. ಆಮೇಲೆ ಕಣ್ಣೀರು, ಬೆವರು, ಮಳೆಹನಿ ಬಿದ್ದರೆ ಅದು ಮತ್ತೆ ಜೀವ ಪಡೆದು ಬಣ್ಣ ಹರಿಯುತ್ತದೆ. ಒಳ್ಳೆಯ ಭಾಗ ಎಂದರೆ ಸಾಯಂಕಾಲ ಸುಲಭವಾಗಿ ತೊಳೆದು ಹೋಗುತ್ತದೆ. ಕೂದಲಿಗೆ ಎಳೆತ ಕಡಿಮೆ. ಬೆವರು, ಕಣ್ಣೀರು, ಜಿಡ್ಡು ಯಾವುದೂ ಅಷ್ಟಾಗಿ ಇಲ್ಲದವರು ದಿನಾ ಬಳಸಲು ಇದೇ ಸಾಕು.

ವಾಟರ್‌ಪ್ರೂಫ್. ಇದರಲ್ಲಿ ನೀರು ಇರುವುದಿಲ್ಲ, ಇದ್ದರೂ ತೀರಾ ಕಡಿಮೆ. ಮೇಣವನ್ನು ಐಸೊಡೋಡೆಕೇನ್‌ನಂಥ, ಬೇಗ ಆವಿಯಾಗುವ ಎಣ್ಣೆ ಜಾತಿಯ ದ್ರವದಲ್ಲಿ ಕಲಸಿರುತ್ತಾರೆ. ಹಚ್ಚಿದ ಸ್ವಲ್ಪ ಹೊತ್ತಿಗೆ ಆ ದ್ರವ ಹಾರಿಹೋಗಿ ಮೇಣ, ಪಾಲಿಮರ್, ಬಣ್ಣ ಮಾತ್ರ ಗಟ್ಟಿಯಾಗಿ ಉಳಿಯುತ್ತವೆ. ಮೇಣದ ಮೇಲೆ ನೀರು ಬಿದ್ದರೆ ಜಾರಿ ಹೋಗುತ್ತದೆ. ಈಜು, ಮಳೆ, ಅಳು, ಬೆವರು, ಯಾವುದಕ್ಕೂ ಜಗ್ಗುವುದಿಲ್ಲ. ಆದರೆ ಜಿಡ್ಡು ಮೇಣವನ್ನು ಕರಗಿಸುತ್ತದೆ. ಜಿಡ್ಡು ಮೆತ್ತಿದ ಪಾತ್ರೆಯನ್ನು ಬರೀ ನೀರಲ್ಲಿ ಎಷ್ಟು ತೊಳೆದರೂ ಹೋಗುವುದಿಲ್ಲ, ಆದರೆ ಕೈಗೆ ಮೆತ್ತಿದ ಮೊಂಡು ಅಂಟು ಚೂರು ಎಣ್ಣೆ ಹಚ್ಚಿಕೊಂಡರೆ ಬಿಡುತ್ತದೆ. ಇಲ್ಲೂ ಅದೇ ಲೆಕ್ಕ. ಹೀಗಾಗಿಯೇ ಜಿಡ್ಡು ರೆಪ್ಪೆಯವರಿಗೆ ವಾಟರ್‌ಪ್ರೂಫ್ ಹಚ್ಚಿದರೂ ಮಧ್ಯಾಹ್ನಕ್ಕೆ ಕಪ್ಪು ಇಳಿಯುತ್ತದೆ.

ಟ್ಯೂಬಿಂಗ್. ಈ ಹೆಸರು ಟ್ಯೂಬಿನಲ್ಲಿ ಬರುತ್ತದೆ ಎಂಬ ಅರ್ಥದ್ದಲ್ಲ. ಇದರಲ್ಲಿ ಮೇಣದ ಕೆಲಸವನ್ನು ಬಹುಪಾಲು ಪಾಲಿಮರ್ ಮಾಡುತ್ತದೆ. ಬಿಳಿ ಅಂಟು ಬೆರಳಿಗೆ ಮೆತ್ತಿ ಒಣಗಿದ ಮೇಲೆ ಸಿಪ್ಪೆಯಂತೆ ಸುಲಿದು ಬರುತ್ತದಲ್ಲ, ಚಿಕ್ಕವರಿದ್ದಾಗ ಎಲ್ಲರೂ ಮಾಡಿರುತ್ತೇವೆ. ಹಾಗೇ ಪ್ರತಿ ಕೂದಲಿನ ಸುತ್ತ ಒಂದೊಂದು ಸಣ್ಣ ಕೊಳವೆಯಂಥ ಸಿಪ್ಪೆ ಕಟ್ಟುತ್ತದೆ. ಜಿಡ್ಡಿಗೆ ಇದು ಕರಗುವುದಿಲ್ಲ. ಬೆವರು, ಕಣ್ಣೀರಿನ ಒಂದೆರಡು ಹನಿಗೂ ಜಗ್ಗುವುದಿಲ್ಲ. ಉಗುರುಬೆಚ್ಚಗಿನ ನೀರು ಸ್ವಲ್ಪ ಹೊತ್ತು ತಾಗಿ, ಬೆರಳಿನಿಂದ ಮೆಲ್ಲಗೆ ಒತ್ತಿ ಇಳಿಸಿದರೆ ಮಾತ್ರ ಕೊಳವೆ ಕೂದಲಿನಿಂದ ಜಾರಿ ಬರುತ್ತದೆ.

ಮೊದಲ ಸಲ ಟ್ಯೂಬಿಂಗ್ ಮಸ್ಕರಾ ತೊಳೆದಾಗ ನನಗೆ ಎದೆ ಧಸಕ್ಕೆಂದಿತ್ತು. ಬೇಸಿನ್ನಿನ ಬಿಳಿ ಅಂಚಿನಲ್ಲಿ ಕಪ್ಪು ದಾರದ ಚೂರುಗಳಂಥವು ಹತ್ತಾರು ಬಿದ್ದಿದ್ದವು. ರೆಪ್ಪೆಗೂದಲೇ ಉದುರಿಹೋಯಿತು ಅಂದುಕೊಂಡೆ. ಒಂದನ್ನು ಬೆರಳ ತುದಿಯಲ್ಲಿ ತೆಗೆದು ಉಜ್ಜಿದೆ. ರಬ್ಬರಿನ ಚೂರಿನಂತೆ ಮೆತ್ತಗೆ ಹೊಸಕಿಹೋಯಿತು. ಕೂದಲಾಗಿದ್ದರೆ ಹಾಗಾಗುವುದಿಲ್ಲ. ನೀವೂ ಮೊದಲ ಸಲ ಬಳಸುವುದಾದರೆ ಹೆದರಬೇಡಿ.

ಇವುಗಳ ನಡುವೆ ವಾಟರ್ ರೆಸಿಸ್ಟೆಂಟ್ ಎಂಬ ಇನ್ನೊಂದಿದೆ. ಹನಿ ನೀರಿಗೆ ನಿಲ್ಲುತ್ತದೆ, ಈಜಿಗೆ ನಿಲ್ಲುವುದಿಲ್ಲ.

## ನಿಮ್ಮ ತೊಂದರೆ ಯಾವುದು, ಹೇಗೆ ತಿಳಿಯುವುದು?

ಇದಕ್ಕೆ ಯಾವ ಸಾಮಾನೂ ಬೇಡ. ಒಂದು ದಿನ ಮುಖ ತೊಳೆದು, ಕಣ್ಣಿನ ಸುತ್ತ ಏನೂ ಹಚ್ಚದೆ ಬಿಡಿ. ನಾಲ್ಕೈದು ಗಂಟೆ ಕಳೆದ ಮೇಲೆ ತೆಳು ಟಿಶ್ಯೂ ಕಾಗದವನ್ನು ಮುಚ್ಚಿದ ರೆಪ್ಪೆಯ ಮೇಲೆ ಮೆಲ್ಲಗೆ ಒತ್ತಿ ಹತ್ತು ಎಣಿಸಿ. ತೆಗೆದು ಬೆಳಕಿಗೆ ಹಿಡಿಯಿರಿ. ಬೆಳಕು ಹಾಯುವ ಕಲೆ ಕಂಡರೆ ನಿಮ್ಮ ರೆಪ್ಪೆ ಜಿಡ್ಡಿನದು. ಕಾಗದ ಹಾಗೇ ಇದ್ದರೆ ಒಣ ರೆಪ್ಪೆ.

ಮಸ್ಕರಾ ಹೇಗೆ ಕೆಡುತ್ತದೆ ಎಂಬುದನ್ನು ಗಮನಿಸಿದರೂ ಸುಳಿವು ಸಿಗುತ್ತದೆ. ಕೆನ್ನೆಯ ಕಡೆಗೆ ಗೆರೆಯಾಗಿ ಹರಿದಿದ್ದರೆ ಅದು ನೀರಿನ ಕೆಲಸ. ಕಣ್ಣ ಕೆಳಗೆ ಮಸಿ ಸವರಿದಂತೆ ಮಬ್ಬಾಗಿದ್ದರೆ ಎಣ್ಣೆಯ ಕೆಲಸ. ಮೇಲಿನ ರೆಪ್ಪೆಯ ಮೇಲೆ ಸಣ್ಣ ಚುಕ್ಕೆಗಳ ಸಾಲು ಮೂಡಿದ್ದರೆ, ಉದ್ದ ಕೂದಲು ಪೂರ್ತಿ ಒಣಗುವ ಮೊದಲೇ ಚರ್ಮಕ್ಕೆ ತಾಗಿದೆ, ಇಲ್ಲವೇ ಅಲ್ಲಿ ಜಿಡ್ಡಿದೆ. ಕೆನ್ನೆ ಮೇಲೆ ಒಣ ಕಪ್ಪು ಪುಡಿ ಬಿದ್ದಿದ್ದರೆ ಅದು ನೀರೂ ಅಲ್ಲ, ಎಣ್ಣೆಯೂ ಅಲ್ಲ. ಮಸ್ಕರಾ ಹಳತಾಗಿ ಒಣಗಿದೆ, ಅಥವಾ ಪದರದ ಮೇಲೆ ಪದರ ಜಾಸ್ತಿಯಾಗಿದೆ.

ಒಣ ರೆಪ್ಪೆಯವರಿಗೂ ಕೆಲವೊಮ್ಮೆ ಮಸಿ ಮೂಡುತ್ತದೆ. ಆಗ ಮಸ್ಕರಾ ಬದಲಿಸುವ ಮೊದಲು ಕಣ್ಣ ಕೆಳಗೆ ಹಚ್ಚುವ ಕ್ರೀಮ್ ಮತ್ತು ಸನ್‌ಸ್ಕ್ರೀನ್ ಮೇಲೆ ಕಣ್ಣಿಡಿ. ಅವು ಚರ್ಮಕ್ಕೆ ಇಂಗುವ ಮೊದಲೇ ಮಸ್ಕರಾ ಹಚ್ಚಿದರೆ ಆ ಎಣ್ಣೆಯೇ ಅದನ್ನು ಕರಗಿಸುತ್ತದೆ. ಐದು ಹತ್ತು ನಿಮಿಷ ಬಿಟ್ಟು ಹಚ್ಚಿ, ವ್ಯತ್ಯಾಸ ಕಾಣುತ್ತದೆ.

## ಕೂದಲಿನ ಬಗೆ ನೋಡಿ ಆರಿಸುವುದು

ಜಾತಿ ಗೊತ್ತಾಯಿತು. ಇನ್ನು ದಟ್ಟವೋ ಉದ್ದವೋ ಎಂಬ ಪ್ರಶ್ನೆ.

ನೇರವಾಗಿ ಮುಂದಕ್ಕೆ, ಇಲ್ಲವೇ ಕೆಳಕ್ಕೆ ಬಾಗಿದ ಕೂದಲು ತುಂಬಾ ಜನರಿಗೆ ಇರುತ್ತದೆ. ಇಂಥವರು ಮೊದಲು ಕೂದಲನ್ನು ಒತ್ತಿ ಹಿಡಿಯುವ ಇಕ್ಕಳದಂಥ ಕರ್ಲರ್‌ನಿಂದ ಬಾಗಿಸಿ, ಆಮೇಲೆ ಮಸ್ಕರಾ ಹಚ್ಚಬೇಕು. ಇಲ್ಲಿ ವಾಟರ್‌ಪ್ರೂಫ್‌ನ ಒಂದು ಗುಣ ನೆರವಿಗೆ ಬರುತ್ತದೆ. ತಲೆಕೂದಲನ್ನು ಬಿಸಿ ಸಲಕರಣೆಯಿಂದ ಸುರುಳಿ ಮಾಡಿಸಿಕೊಂಡು ಮಳೆಯಲ್ಲಿ ನೆನೆದರೆ ಸುರುಳಿ ಬಿಚ್ಚಿಹೋಗುತ್ತದೆ ಅಲ್ವಾ? ಕೂದಲು ಕೆರಾಟಿನ್ ಎಂಬ ಪ್ರೊಟೀನಿನಿಂದ ಆದದ್ದು. ಅದರ ಎಳೆಗಳನ್ನು ಹಿಡಿದಿರುವ ಸಣ್ಣ ಬಂಧಗಳು ನೀರು ತಾಗಿದರೆ ಬಿಡುತ್ತವೆ, ಒಣಗುವಾಗ ಮತ್ತೆ ಕಟ್ಟಿಕೊಳ್ಳುತ್ತವೆ. ನೀರಿರುವ ಮಸ್ಕರಾ ಹಚ್ಚಿದರೆ ಕರ್ಲರ್ ಮಾಡಿದ ಬಾಗು ಹೀಗೇ ಸಡಿಲವಾಗುತ್ತದೆ. ನೀರಿಲ್ಲದ ವಾಟರ್‌ಪ್ರೂಫ್ ಬಾಗನ್ನು ಹಾಗೇ ಹಿಡಿದಿಡುತ್ತದೆ. ಕೂದಲು ನೇರವೂ ಹೌದು, ರೆಪ್ಪೆ ಜಿಡ್ಡಿನದೂ ಹೌದು ಎಂದರೆ? ಮೇಲಿನ ಕೂದಲಿಗೆ ಮಾತ್ರ ವಾಟರ್‌ಪ್ರೂಫ್ ತೆಳುವಾಗಿ ಹಚ್ಚಿ, ಕೆಳಗಿನದಕ್ಕೆ ಟ್ಯೂಬಿಂಗ್ ಹಚ್ಚಿ, ಇಲ್ಲವೇ ಏನೂ ಹಚ್ಚಬೇಡಿ. ನನಗೆ ಒಗ್ಗಿದ್ದು ಇದು.

ಕರ್ಲರ್ ಬಗ್ಗೆ ಒಂದು ಎಚ್ಚರ. ಮಸ್ಕರಾ ಹಚ್ಚಿದ ಮೇಲೆ ಅದನ್ನು ಮುಟ್ಟಬೇಡಿ. ಮಸ್ಕರಾ ಒಣಗಿ ಗಟ್ಟಿಯಾದ ಕೂದಲು ಅದರ ರಬ್ಬರಿಗೆ ಅಂಟಿ, ತೆರೆಯುವಾಗ ಮುರಿಯುತ್ತದೆ ಅಥವಾ ಬುಡದಿಂದ ಕಿತ್ತು ಬರುತ್ತದೆ. ರಬ್ಬರ್ ಸವೆದು ಗೀರು ಬಿದ್ದಿದ್ದರೆ ಅದನ್ನೂ ಬದಲಿಸಿ.

ಗಿಡ್ಡ ಕೂದಲಿಗೆ ಲೆಂಗ್ತನಿಂಗ್ ಎಂದು ಬರೆದದ್ದು ಸರಿಹೋಗುತ್ತದೆ. ಇದರಲ್ಲಿ ಮೇಣ ಕಡಿಮೆ, ಪಾಲಿಮರ್ ಜಾಸ್ತಿ. ತೆಳುವಾಗಿ ತುದಿಯವರೆಗೂ ಎಳೆದುಕೊಂಡು ಹೋಗುತ್ತದೆ. ಕೆಲವದರಲ್ಲಿ ನೈಲಾನ್ ಅಥವಾ ರೇಯಾನ್‌ನ ಸಣ್ಣ ಎಳೆಗಳನ್ನು ಬೆರೆಸಿರುತ್ತಾರೆ. ಆ ಎಳೆಗಳು ತುದಿಗೆ ಅಂಟಿ ಉದ್ದ ಕಾಣಿಸುತ್ತವೆ. ನೋಡಲು ಚೆನ್ನ. ಆದರೆ ಒಣಗಿದ ಮೇಲೆ ಉದುರಿ ಕಣ್ಣಿಗೆ ಬೀಳುವ ಸಾಧ್ಯತೆ ಇರುತ್ತದೆ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು, ಕಣ್ಣು ಬೇಗ ಉರಿಯುವವರು ಇದರಿಂದ ದೂರ ಇರುವುದೇ ಒಳ್ಳೆಯದು.

ವಿರಳ ಕೂದಲಿಗೆ ವಾಲ್ಯೂಮ್ ಎಂದು ಬರೆದದ್ದು. ಮೇಣ ಜಾಸ್ತಿ ಇರುವುದರಿಂದ ಒಂದೊಂದು ಕೂದಲೂ ದಪ್ಪವಾಗುತ್ತದೆ. ಬುಡದಲ್ಲಿ ಕಡ್ಡಿಯನ್ನು ಎಡ ಬಲ ಸ್ವಲ್ಪ ಆಡಿಸಿ, ಆಮೇಲೆ ತುದಿಗೆ ಎಳೆಯಿರಿ. ಬುಡ ದಟ್ಟವಾದರೆ ಸಂದುಗಳು ಮುಚ್ಚಿದಂತೆ ಕಾಣುತ್ತವೆ. ತುದಿಯಲ್ಲಿ ಜಾಸ್ತಿ ಕೂತರೆ ಮಾತ್ರ ಗುಂಪು ಗುಂಪಾಗಿ ಅಂಟಿ, ಇದ್ದ ಕೂದಲೂ ಕಡಿಮೆ ಇದ್ದಂತೆ ಕಾಣುತ್ತದೆ.

ತೆಳು ಕೂದಲಿನವರು ಇಲ್ಲೇ ಎಡವುವುದು. ತೆಳುವಾಗಿದೆ, ದಪ್ಪ ಮಾಡೋಣ ಎಂದು ಭಾರಿ ವಾಲ್ಯೂಮ್ ಮಸ್ಕರಾ ತರುತ್ತಾರೆ. ಮೇಣದ ಭಾರಕ್ಕೆ ಕೂದಲು ಜೋತು ಬೀಳುತ್ತದೆ. ಕರ್ಲರ್ ಮಾಡಿದ ಬಾಗು ಒಂದು ಗಂಟೆಯೂ ನಿಲ್ಲುವುದಿಲ್ಲ. ಇವರಿಗೆ ಹಗುರವಾದ ಲೆಂಗ್ತನಿಂಗ್ ಅಥವಾ ಟ್ಯೂಬಿಂಗ್ ಎರಡು ತೆಳು ಪದರ ಸಾಕು. ಎರಡನೇ ಪದರವನ್ನು ಮೊದಲನೆಯದು ಪೂರ್ತಿ ಗಟ್ಟಿಯಾಗುವ ಮೊದಲು ಹಚ್ಚಿ. ಗಟ್ಟಿಯಾದ ಮೇಲೆ ಹಚ್ಚಿದರೆ ಗಂಟು ಕಟ್ಟುತ್ತದೆ.

ಕೂದಲು ಮೊದಲೇ ಉದ್ದವಾಗಿ ದಟ್ಟವಾಗಿದ್ದರೆ ಬಿಡಿಸಿ ತೋರಿಸುವ ಮಸ್ಕರಾ ಸಾಕು. ಬಣ್ಣವಿಲ್ಲದ ಕ್ಲಿಯರ್ ಮಸ್ಕರಾ ಕೂಡ ನಡೆಯುತ್ತದೆ.

ಬಣ್ಣದ ಮಾತು ಸುಲಭ. ಕಪ್ಪು ಎದ್ದು ಕಾಣುತ್ತದೆ. ಕಂದು ಮೆದುವಾಗಿ ಕಾಣುತ್ತದೆ, ಕೂದಲೇ ಹಾಗಿದೆಯೇನೋ ಅನ್ನಿಸುತ್ತದೆ. ಕೂದಲಿನ ಬಣ್ಣ ತಿಳಿಯಾಗಿರುವವರಿಗೆ, ಹಗಲಿನ ಹೊತ್ತಿಗೆ, ಕೆಳಗಿನ ಕೂದಲಿಗೆ ಕಂದು ಚೆನ್ನ.

## ಬ್ರಷ್ ಕೂಡ ಅಷ್ಟೇ ಮುಖ್ಯ

ಒಂದೇ ಮಸ್ಕರಾವನ್ನು ಎರಡು ಬೇರೆ ಬ್ರಷ್‌ಗಳಿಂದ ಹಚ್ಚಿ ನೋಡಿ. ಎರಡು ಬೇರೆ ಮಸ್ಕರಾ ಅನ್ನಿಸುತ್ತದೆ. ಎಷ್ಟು ಬಣ್ಣ ಕೂದಲಿಗೆ ಹೋಗುತ್ತದೆ, ಎಷ್ಟು ಬಿಡಿಸಿಕೊಳ್ಳುತ್ತದೆ ಎಂದು ತೀರ್ಮಾನ ಮಾಡುವುದು ಬ್ರಷ್ಷೇ.

ಬ್ರಷ್‌ನಲ್ಲಿ ಎರಡು ಬಗೆ. ಒಂದು, ತಿರುಚಿದ ತಂತಿಯ ನಡುವೆ ನೈಲಾನ್ ಬಿರುಗೂದಲು ಸಿಕ್ಕಿಸಿದ್ದು. ಬಿರುಗೂದಲ ನಡುವೆ ಬಣ್ಣ ಹಿಡಿದುಕೊಂಡು ಕೂದಲಿಗೆ ಜಾಸ್ತಿ ಬಿಡುತ್ತದೆ. ದಟ್ಟ ಬೇಕಾದವರಿಗೆ ಇದು. ಇನ್ನೊಂದು, ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಪ್ಲಾಸ್ಟಿಕ್ ಅಥವಾ ರಬ್ಬರಿನಂಥ ಬ್ರಷ್. ಸಣ್ಣ ಬಾಚಣಿಗೆಯಂತೆ ಹಲ್ಲುಗಳಿರುತ್ತವೆ. ಬಣ್ಣ ಕಡಿಮೆ ಹಿಡಿಯುತ್ತದೆ, ಕೂದಲನ್ನು ಚೆನ್ನಾಗಿ ಬಾಚಿ ಬಿಡಿಸುತ್ತದೆ. ಅಂಟಿಕೊಳ್ಳುವ ತೊಂದರೆ ಇರುವವರಿಗೆ ಇದು.

ಆಕಾರದಲ್ಲಿ ನೋಡಬೇಕಾದ್ದು ನಿಮ್ಮ ಕಣ್ಣಿನ ಅಳತೆ. ಕಣ್ಣು ಚಿಕ್ಕದಿದ್ದು ಬ್ರಷ್ ದಪ್ಪವಿದ್ದರೆ ಮೂಗಿನ ಕಡೆಯ ಮೂಲೆಯ ಕೂದಲಿಗೆ ಅದು ತಲುಪುವುದೇ ಇಲ್ಲ, ರೆಪ್ಪೆಗೆಲ್ಲ ಮಸಿ ಆಗುತ್ತದೆ. ತೆಳು, ನೇರ ಬ್ರಷ್ ಗಿಡ್ಡ ಕೂದಲಿನ ಬುಡಕ್ಕೂ, ಕೆಳಗಿನ ಕೂದಲಿಗೂ ಸಲೀಸು. ತುದಿ ಚೂಪಾದ ಶಂಕುವಿನ ಆಕಾರದ್ದು ಮೂಲೆಗಳಿಗೆ ಹೋಗುತ್ತದೆ. ಬಾಳೆಹಣ್ಣಿನಂತೆ ಬಾಗಿದ್ದು ರೆಪ್ಪೆಯ ಬಾಗಿಗೆ ಸರಿಯಾಗಿ ಕೂರುತ್ತದೆ, ನೇರ ಕೂದಲನ್ನು ಒಂದೇ ಎಳೆತಕ್ಕೆ ಮೇಲೆತ್ತುತ್ತದೆ.

ಟ್ಯೂಬಿನ ಬಾಯಿಯ ಒಳಗೊಂದು ಸಣ್ಣ ಉಂಗುರ ಇದೆ, ಯಾರೂ ಅದನ್ನು ಗಮನಿಸುವುದಿಲ್ಲ. ಅದನ್ನು ವೈಪರ್ ಎನ್ನುತ್ತಾರೆ. ಕಡ್ಡಿ ಹೊರಗೆ ಬರುವಾಗ ಜಾಸ್ತಿಯಾದ ಬಣ್ಣವನ್ನು ಸವರಿ ಒಳಗೇ ಬಿಡುವುದು ಅದರ ಕೆಲಸ. ಕಡ್ಡಿಯನ್ನು ನಿಧಾನವಾಗಿ, ಸ್ವಲ್ಪ ತಿರುಗಿಸುತ್ತಾ ಎಳೆದರೆ ಬೇಕಾದಷ್ಟೇ ಬರುತ್ತದೆ. ತುಂಬಾ ಜನ ಕಡ್ಡಿಯನ್ನು ಮೇಲೆ ಕೆಳಗೆ ಕುಟ್ಟುತ್ತಾರೆ. ಕುಟ್ಟಿದಷ್ಟೂ ಗಾಳಿ ಒಳಗೆ ಹೋಗುತ್ತದೆ, ಮಸ್ಕರಾ ಬೇಗ ಒಣಗುತ್ತದೆ. ಬ್ರಷ್‌ನ ತುದಿಯಲ್ಲಿ ಮುದ್ದೆಯಾಗಿ ಕೂತ ಬಣ್ಣವನ್ನು ಟಿಶ್ಯೂಗೆ ಒಮ್ಮೆ ತಾಗಿಸಿ ಹಚ್ಚಿ ನೋಡಿ. ಗುಂಪು ಕಟ್ಟುವುದು ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

## ಲೆನ್ಸ್, ಅಲರ್ಜಿ, ಕೃತಕ ರೆಪ್ಪೆಗೂದಲು

ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಮೊದಲು ಕೈ ತೊಳೆದು ಲೆನ್ಸ್ ಹಾಕಿ, ಆಮೇಲೆ ಮಸ್ಕರಾ ಹಚ್ಚಬೇಕು. ರಾತ್ರಿ ಮೊದಲು ಲೆನ್ಸ್ ತೆಗೆದು, ಆಮೇಲೆ ಮಸ್ಕರಾ ತೆಗೆಯಬೇಕು. ವಾಟರ್‌ಪ್ರೂಫ್ ತೆಗೆಯಲು ಎಣ್ಣೆ ಬೇಕು, ಆ ಎಣ್ಣೆ ಲೆನ್ಸಿಗೆ ತಾಗಿದರೆ ಮಬ್ಬಾಗುತ್ತದೆ. ಹಾಗಾಗಿ ಇವರಿಗೆ ವಾಷಬಲ್ ಅಥವಾ ಟ್ಯೂಬಿಂಗ್ ಹೆಚ್ಚು ಅನುಕೂಲ.

ರೆಪ್ಪೆಗೆ ಒಂದೊಂದಾಗಿ ಕೃತಕ ಕೂದಲು ಅಂಟಿಸಿಕೊಂಡಿದ್ದರೆ ಎಣ್ಣೆಯಿಂದ ತೆಗೆಯಬೇಕಾದ ಯಾವ ಮಸ್ಕರಾವೂ ಬೇಡ. ಎಣ್ಣೆ ಆ ಅಂಟನ್ನು ಸಡಿಲ ಮಾಡುತ್ತದೆ.

'ಹೈಪೋ ಅಲರ್ಜೆನಿಕ್' ಎಂಬ ಮಾತು ಕಂಡಾಗ ಇದು ಅಲರ್ಜಿ ಮಾಡುವುದೇ ಇಲ್ಲ ಎಂದು ನಂಬಿಬಿಡುತ್ತೇವೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ, ಅಂದರೆ ಎಫ್‌ಡಿಎ, ಈ ಮಾತಿಗೆ ಕಾನೂನಿನಲ್ಲಿ ಯಾವ ಅಳತೆಗೋಲೂ ಇಲ್ಲ ಎಂದು ಸ್ಪಷ್ಟವಾಗಿ ಹೇಳಿದೆ. ಕಂಪನಿಯವರು ತಮಗೆ ತೋಚಿದ ಅರ್ಥದಲ್ಲಿ ಬಳಸಬಹುದು. ನಿಮಗೆ ಯಾವ ಪದಾರ್ಥ ಆಗಿಬರುವುದಿಲ್ಲ ಎಂದು ಗೊತ್ತಿದ್ದರೆ ಹಿಂಬದಿಯ ಸಣ್ಣ ಅಕ್ಷರದ ಪಟ್ಟಿಯಲ್ಲಿ ಅದನ್ನು ಹುಡುಕುವುದೇ ಗಟ್ಟಿ ದಾರಿ.

ಕಣ್ಣಿಗೆ ಹಚ್ಚುವುದರ ಬಗ್ಗೆ ಕಾನೂನು ಬಂದದ್ದರ ಹಿಂದೆ ಒಂದು ನೋವಿನ ಕಥೆಯೇ ಇದೆ. 1930ರ ದಶಕದಲ್ಲಿ ಅಮೆರಿಕದಲ್ಲಿ ಲ್ಯಾಶ್ ಲ್ಯೂರ್ ಎಂಬ ರೆಪ್ಪೆಗೂದಲ ಡೈ ಮಾರಾಟಕ್ಕಿತ್ತು. ತಲೆಕೂದಲ ಡೈಗೆ ಬಳಸುವ ಜಾತಿಯ ರಾಸಾಯನಿಕ ಅದರಲ್ಲಿತ್ತು. ಅದನ್ನು ಹಚ್ಚಿಸಿಕೊಂಡ ಹಲವು ಮಹಿಳೆಯರಿಗೆ ಕಣ್ಣು ಕೆಟ್ಟಿತು, ಒಬ್ಬರು ಜೀವವನ್ನೇ ಕಳೆದುಕೊಂಡರು. ಆಗ ಅದನ್ನು ತಡೆಯುವ ಅಧಿಕಾರ ಸರ್ಕಾರಕ್ಕೇ ಇರಲಿಲ್ಲ. 1938ರಲ್ಲಿ ಬಂದ ಹೊಸ ಕಾನೂನು ಸೌಂದರ್ಯ ಪ್ರಸಾಧನಗಳನ್ನೂ ಸೇರಿಸಿಕೊಂಡಿತು. ತಲೆಗೆ ಹಚ್ಚುವ ಡೈಯನ್ನು ರೆಪ್ಪೆಗೂದಲಿಗೆ ಯಾವತ್ತೂ ಹಚ್ಚಬೇಡಿ. ಇದನ್ನು ಮಾತ್ರ ಎಷ್ಟು ಸಲ ಹೇಳಿದರೂ ಸಾಲದು.

## ಒಂದು ಟ್ಯೂಬ್ ಎಷ್ಟು ದಿನ?

ಮೂರು ತಿಂಗಳು. ತುಂಬಾ ಜನ ಇದಕ್ಕೆ ಒಪ್ಪುವುದಿಲ್ಲ, ಟ್ಯೂಬಿನಲ್ಲಿ ಇನ್ನೂ ಅರ್ಧ ಇದೆಯಲ್ಲ ಎನ್ನುತ್ತಾರೆ. ಕಾರಣ ನೋಡಿ. ಪುಡಿಯನ್ನೋ ಲಿಪ್‌ಸ್ಟಿಕ್ಕನ್ನೋ ಮೇಲ್ಮೈಯಿಂದ ತೆಗೆದು ಹಚ್ಚುತ್ತೇವೆ. ಮಸ್ಕರಾದ ಕಡ್ಡಿ ಹಾಗಲ್ಲ. ದಿನಾ ರೆಪ್ಪೆಯನ್ನು ಮುಟ್ಟುತ್ತದೆ, ಅಲ್ಲಿದ್ದ ಸೂಕ್ಷ್ಮಜೀವಿಗಳನ್ನು ಹೊತ್ತುಕೊಂಡು ತೇವ, ಕತ್ತಲೆ ಇರುವ ಟ್ಯೂಬಿನೊಳಗೆ ಹೋಗಿ ಮುಳುಗುತ್ತದೆ. ಮರುದಿನ ಮತ್ತೆ ಕಣ್ಣಿಗೇ ಬರುತ್ತದೆ. ಸಂರಕ್ಷಕ ಇದ್ದರೂ ಅದಕ್ಕೂ ಒಂದು ಮಿತಿ ಇರುತ್ತದೆ ಅಲ್ವಾ?

ಡಬ್ಬಿಯ ಮೇಲೆ ಮುಚ್ಚಳ ತೆರೆದ ಡಬ್ಬಿಯ ಸಣ್ಣ ಚಿತ್ರ ಇರುತ್ತದೆ. ಒಳಗೆ '6ಎಂ' ಎಂದಿದ್ದರೆ ತೆರೆದ ಮೇಲೆ ಆರು ತಿಂಗಳು ಎಂದು ಅರ್ಥ. ಅದು ಕಂಪನಿ ಹೇಳುವ ಗರಿಷ್ಠ ಅವಧಿ. ದಿನಾ ಬಳಸುವವರು ಮೂರು ತಿಂಗಳಿಗೇ ಬದಲಿಸುವುದು ಕ್ಷೇಮ. ತೆರೆದ ದಿನವನ್ನು ಟ್ಯೂಬಿನ ಮೇಲೆ ಪೆನ್ನಿನಿಂದ ಬರೆದಿಟ್ಟರೆ ಮರೆಯುವುದಿಲ್ಲ. ಈ ಲೆಕ್ಕ ಗೊತ್ತಿದ್ದರೆ ಸಣ್ಣ ಟ್ಯೂಬ್ ಕೊಳ್ಳುವುದೇ ಜಾಣತನ.

ಒಣಗಿದ ಮಸ್ಕರಾಗೆ ನೀರು ಹಾಕಬೇಡಿ. ಎಂಜಲಂತೂ ಬೇಡವೇ ಬೇಡ. ನೀರು ಸೇರಿದರೆ ಸಂರಕ್ಷಕ ತೆಳುವಾಗುತ್ತದೆ, ಸೂಕ್ಷ್ಮಜೀವಿಗಳಿಗೆ ಹಬ್ಬ. ಅಕ್ಕ ತಂಗಿಯರಾದರೂ ಒಂದೇ ಟ್ಯೂಬ್ ಹಂಚಿಕೊಳ್ಳಬೇಡಿ. ಕಣ್ಣು ಕೆಂಪಾಗಿ ಸೋಂಕು ಬಂದಿದ್ದರೆ, ಆಗ ಬಳಸುತ್ತಿದ್ದ ಟ್ಯೂಬ್ ಹೊಸದಿದ್ದರೂ ಎಸೆಯಿರಿ. ಓಡುವ ಬಸ್ಸಿನಲ್ಲಿ, ಕಾರಿನಲ್ಲಿ ಕೂತು ಹಚ್ಚಬೇಡಿ. ಒಂದು ಕುಲುಕಾಟಕ್ಕೆ ಕಡ್ಡಿ ಕಣ್ಣಿನ ಕಪ್ಪುಗುಡ್ಡೆಯ ಮೇಲಿನ ಪೊರೆಗೆ ಗೀರಿದರೆ, ಬ್ರಷ್‌ನಲ್ಲಿದ್ದ ಸೂಕ್ಷ್ಮಜೀವಿ ನೇರವಾಗಿ ಗಾಯಕ್ಕೆ ಸೇರುತ್ತದೆ.

## ರಾತ್ರಿ ತೆಗೆಯುವುದು

ಮಸ್ಕರಾ ಕೊಳ್ಳುವಾಗಲೇ ಅದನ್ನು ಹೇಗೆ ತೆಗೆಯುತ್ತೀರಿ ಎಂದು ಯೋಚಿಸಿ. ದಣಿದು ಬಂದ ರಾತ್ರಿ ಹತ್ತು ನಿಮಿಷ ಕೂರಲು ಆಗದವರಿಗೆ ದಿನಾ ವಾಟರ್‌ಪ್ರೂಫ್ ಹೊಂದುವುದಿಲ್ಲ.

ವಾಟರ್‌ಪ್ರೂಫ್‌ಗೆ ಎಣ್ಣೆಯಿರುವ ರಿಮೂವರ್ ಬೇಕು. ಹತ್ತಿಗೆ ಹಾಕಿ, ಮುಚ್ಚಿದ ಕಣ್ಣಿನ ಮೇಲೆ ಇಟ್ಟು, ಇಪ್ಪತ್ತು ಮೂವತ್ತು ಸೆಕೆಂಡ್ ಸುಮ್ನೆ ಹಿಡಿಯಿರಿ. ಮೇಣ ಕರಗಲು ಅಷ್ಟು ಸಮಯ ಬೇಕು. ಆಮೇಲೆ ಬುಡದಿಂದ ತುದಿಗೆ ಮೆಲ್ಲಗೆ ಒರೆಸಿ. ಎಡ ಬಲ ತಿಕ್ಕಿದರೆ ಕೂದಲು ಕಿತ್ತು ಬರುತ್ತದೆ. ಟ್ಯೂಬಿಂಗ್‌ಗೆ ಎಣ್ಣೆ ಹಾಕಿ ಒದ್ದಾಡಬೇಡಿ, ಅದಕ್ಕೆ ಬೇಕಾದ್ದು ಉಗುರುಬೆಚ್ಚಗಿನ ನೀರು ಮತ್ತು ತಾಳ್ಮೆ. ವಾಷಬಲ್‌ಗೆ ಮುಖ ತೊಳೆಯುವ ಮೆದು ಫೇಸ್‌ವಾಶ್ ಸಾಕು.

ತೆಗೆಯದೆ ಮಲಗಿದರೆ ಏನಾಗುತ್ತದೆ? ಒಂದು ದಿನಕ್ಕೆ ಏನೂ ಆಗದಿರಬಹುದು. 2018ರಲ್ಲಿ ಆಸ್ಟ್ರೇಲಿಯಾದ ವೈದ್ಯರು ಒಂದು ಪ್ರಕರಣವನ್ನು ವೈದ್ಯಕೀಯ ಪತ್ರಿಕೆಯಲ್ಲಿ ವಿವರಿಸಿದರು. ಸುಮಾರು 25 ವರ್ಷ ಮಸ್ಕರಾವನ್ನು ಸರಿಯಾಗಿ ತೆಗೆಯದೆ ಬಳಸಿದ್ದ ಮಹಿಳೆಯೊಬ್ಬರ ರೆಪ್ಪೆಯ ಒಳಮೈಯಲ್ಲಿ ಕಪ್ಪು ಗಂಟುಗಳು ಕಟ್ಟಿಕೊಂಡಿದ್ದವು. ಕಣ್ಣಲ್ಲಿ ಮರಳು ಬಿದ್ದಂತೆ ಆಗುತ್ತಿದೆ ಎಂದು ಅವರು ಬಂದಿದ್ದರು. ರೆಪ್ಪೆ ಮಗುಚಿ ನೋಡಿದಾಗ ಗಂಟುಗಳು ಸಿಕ್ಕವು. ಶಸ್ತ್ರಚಿಕಿತ್ಸೆ ಮಾಡಿ ತೆಗೆಯಬೇಕಾಯಿತು.

ತೆಗೆಯುವಾಗ ಹತ್ತಿಯ ಮೇಲೆ ಒಂದೆರಡು ಕೂದಲು ಬಂದರೆ ಗಾಬರಿ ಬೇಡ. ರೆಪ್ಪೆಗೂದಲಿಗೂ ಆಯುಸ್ಸು ಕೆಲವು ತಿಂಗಳಷ್ಟೇ, ಹಳತು ಉದುರಿ ಹೊಸದು ಬರುತ್ತಲೇ ಇರುತ್ತದೆ. ಆದರೆ ಒಂದೇ ಜಾಗದಲ್ಲಿ ಬೋಳಾಗಿ ಕಂಡರೆ, ಅಂಚು ಕೆಂಪಾಗಿ ತುರಿಕೆ ಇದ್ದರೆ, ಬೆಳಗ್ಗೆ ಕಣ್ಣಂಚಿಗೆ ಹೊಟ್ಟು ಅಂಟಿಕೊಂಡಿದ್ದರೆ ಮಸ್ಕರಾ ಪಕ್ಕಕ್ಕಿಟ್ಟು ಕಣ್ಣಿನ ಡಾಕ್ಟರಿಗೆ ತೋರಿಸಿ. ರೆಪ್ಪೆಯಂಚಿನ ಊತದಿಂದಲೂ, ಥೈರಾಯ್ಡ್ ಏರುಪೇರಿನಿಂದಲೂ ರೆಪ್ಪೆಗೂದಲು ಉದುರುವುದುಂಟು.